ಭಾವನವರ ಚೀನೀ ಡಾಬು

ನಮ್ಮ ಭಾವನವರಿಗೆ, ಅಂದರೆ ಅಕ್ಕನ ಗಂಡನಿಗೆ, ಒಂದು ಕಾಯಿಲೆ ಇದೆ. ಅದಕ್ಕೆ ನೈರೋಬಿಯ ಯಾವ ಡಾಕ್ಟರ ಹತ್ತಿರವೂ ಮದ್ದಿಲ್ಲ. ಯಾವುದೇ ಊರಿನ ಹೆಸರು ಕಿವಿಗೆ ಬಿದ್ದರೂ ಹಳೆಯ ಪುಸ್ತಕಗಳಲ್ಲಿ ಅದರ ಕಾಗುಣಿತ ಹುಡುಕಿ, ಆ ಊರಿನವರಿಗೇ ಪಾಠ ಹೇಳದಿದ್ದರೆ ಅವರಿಗೆ ಅನ್ನ ಸೇರುವುದಿಲ್ಲ! ಬೆಂಗಳೂರಿನ ಕಂಪನಿ ಅವರನ್ನು ಇಲ್ಲಿಗೆ ಕಳಿಸಿದ್ದು ಬ್ಯಾಂಕಿನ ಕಂಪ್ಯೂಟರ್ ನೋಡಿಕೊಳ್ಳಲು. ಅವರು ನೋಡುತ್ತಿದ್ದದ್ದು ನಕ್ಷೆ.

ಆಗ ಊರೆಲ್ಲ ರಸ್ತೆ ಅಗೆಯುತ್ತಿದ್ದ ಕಾಲ. ಕಿಲೆಲೆಶ್ವಾ ಬಡಾವಣೆಯಲ್ಲಿ ಅವರ ಫ್ಲ್ಯಾಟಿನ ಕೆಳಗಿನ ಮನೆಗೆ ಒಬ್ಬ ಚೀನೀ ಎಂಜಿನಿಯರ್ ಬಂದ. ಲಿಫ್ಟಿನಲ್ಲಿ ಭಾವ ಕೇಳಿದ್ದು ಹೆಸರನ್ನಲ್ಲ, ಊರನ್ನು. ಡಾಬು ಅಂದನಂತೆ. ಬೆಟ್ಟಗುಡ್ಡಗಳ ನಡುವಿನ, ನಮ್ಮ ತಾಲ್ಲೂಕಿನಂಥ ಜಾಗ.

ಮನೆಗೆ ಬಂದು ಹೇಳಿದರೆ ಅಕ್ಕ ತಲೆಯೆತ್ತದೆ ಅಂದಳು: "ಮದುವೆಗೆ ಮಾಡಿಸ್ತೀನಿ ಅಂದಿದ್ದ ಚಿನ್ನದ ಡಾಬು ಚೀನಾದಲ್ಲಿದೆಯಾ? ಅದಕ್ಕೇ ಲೇಟು."

ಭಾವನಿಗೆ ಅದು ಕೇಳಿಸಲೇ ಇಲ್ಲ. ಫುಟ್‌ಪಾತಿನಲ್ಲಿ ಕೊಂಡ ಹಳೆಯ ಅಟ್ಲಾಸಿನಲ್ಲಿ ಡಾಬು ಇರಲಿಲ್ಲ. ಅದೇ ಜಾಗದಲ್ಲಿ 'ತಾಪು' ಇತ್ತು. ಯಾರೋ ಪಾದ್ರಿಯ ಹರಿದ ಪುಸ್ತಕದಲ್ಲಿ 'ಥಾಯ್‌ಪು'. ಒಂದೂರಿಗೆ ಮೂರು ಹೆಸರು! ಎರಡು ತಿಂಗಳು ಬೇರೆ ಮಾತಿಲ್ಲ. ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನಿನಲ್ಲಿ ಪಕ್ಕದವರಿಗೆ ಇದನ್ನೇ ವಿವರಿಸುತ್ತ ತಮ್ಮ ಸ್ಟಾಪು ಮರೆತು ಊರಿನ ಇನ್ನೊಂದು ತುದಿಯ ಕಸರಾನಿ ತಲುಪಿದರು. ಪಕ್ಕದವರು ಮಾತ್ರ, ತಮ್ಮ ಸ್ಟಾಪು ಅಲ್ಲದಿದ್ದರೂ, ಮೊದಲೇ ಇಳಿದುಬಿಟ್ಟಿದ್ದರು.

ಕೊನೆಗೊಂದು ಭಾನುವಾರ ಎಂಜಿನಿಯರನ್ನು ಚಹಾಕ್ಕೆ ಕರೆದರು. ನಾನೂ ಇದ್ದೆ. ಚಕ್ಕುಲಿ ತಟ್ಟೆಯನ್ನು ಸರಿಸಿ ಪುಸ್ತಕ ಹರಡಿದರು. ಡಾಬು ಸರ್ಕಾರದ ಹೆಸರು, ತಾಪು ಹಿಂದಿನ ವಿದೇಶಿಯರು ಬರೆದದ್ದು ಎಂದು ಆತ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. ಹಾಗಾದರೆ ಪಾದ್ರಿ ಬರೆದದ್ದು ತಪ್ಪಿರಬೇಕಲ್ಲವೇ ಎಂದು ಭಾವ ಬೆರಳಿಟ್ಟು ಓದಿದರು. ಕನ್ನಡ ಮೇಷ್ಟರ ಮಗ; ಮಹಾಪ್ರಾಣ ಬಿಡುವವರೇ? "ಥಾಯ್‌ಪು."

ಆತ ಕಪ್ಪು ಕೆಳಗಿಟ್ಟ. ಅವನ ಅಜ್ಜಿ ಮನೆಮಾತಿನಲ್ಲಿ ಊರನ್ನು ಹೀಗೇ ಕರೆಯುತ್ತಿದ್ದಳಂತೆ. ಅವಳು ತೀರಿಕೊಂಡಾಗ ಅವನು ಇಲ್ಲೇ ರಸ್ತೆ ಕೆಲಸದಲ್ಲಿದ್ದ, ಹೋಗಲಾಗಲಿಲ್ಲ. ಜೊತೆಯವರೆಲ್ಲ ಚೀನಾದ ಉತ್ತರದ ಕಡೆಯವರು, ಆ ಮನೆಮಾತು ಬಲ್ಲವರು ಒಬ್ಬರೂ ಇಲ್ಲ.

ಇನ್ನೊಂದು ಸಲ ಹೇಳುತ್ತೀರಾ ಎಂದು ಕೇಳಿದ.

ಭಾವ ಕನ್ನಡಕ ತೆಗೆದು, ಪುಸ್ತಕ ಮುಚ್ಚಿ, ಅವನ ಮುಖ ನೋಡುತ್ತ ನಿಧಾನವಾಗಿ ಹೇಳಿದರು. ಆಮೇಲೆ, ಅವನು ಕೇಳದಿದ್ದರೂ, ಮತ್ತೊಮ್ಮೆ.