ಮಾವನ ಕಾರಿಗೆ ನಾನು ಕೂರಿಸಿದ ಮೋಟರು

ಮಧುಗಿರಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿರುವ ನನಗೆ, ಪೆಟ್ರೋಲ್ ಕಾರನ್ನು ಕರೆಂಟಿನ ಕಾರು ಮಾಡುವುದು ದೊಡ್ಡ ವಿಷಯವೇನೂ ಅಲ್ಲ ಎನಿಸಿತ್ತು. ಎಂಜಿನ್ ಇಳಿಸುವುದು, ಆ ಜಾಗದಲ್ಲಿ ಮೋಟರು ಕೂರಿಸುವುದು, ಹಿಂದೆ ಬ್ಯಾಟರಿ ಇಡುವುದು. ಅಷ್ಟೇ! ಮೊಬೈಲಿನಲ್ಲಿ ಹನ್ನೊಂದು ವೀಡಿಯೊ ನೋಡಿದ್ದೆ. ಹನ್ನೊಂದರಲ್ಲೂ ಕೊನೆಗೆ ಕಾರು ಓಡಿತ್ತು.

ಕಾರು ನನ್ನದಲ್ಲ ಎಂಬುದೊಂದೇ ತೊಡಕು. ಅದು ಐ.ಡಿ.ಹಳ್ಳಿಯ ನನ್ನ ಮಾವನವರದು. ಅವರು ತೀರಿಕೊಂಡ ಮೇಲೆ ನಮ್ಮ ಮನೆ ಮುಂದೆ ಟಾರ್ಪಾಲು ಹೊದ್ದು ನಿಂತಿತ್ತು. ಸ್ಟಾರ್ಟ್ ಮಾಡಿದರೆ ಬೀದಿ ತುಂಬ ಹೊಗೆ. ನನ್ನ ಯೋಜನೆ ಕೇಳಿ ಹೆಂಡತಿ ರತ್ನ ಎರಡು ದಿನ ಟಾರ್ಪಾಲು ಮುಟ್ಟಲು ಬಿಡಲಿಲ್ಲ. ಮೂರನೇ ದಿನ ಹೇಳಿದಳು.

"ಎಂಜಿನ್ ತೆಗೀರಿ. ಆದ್ರೆ ಅಪ್ಪನ ವರ್ಷದ ಪೂಜೆಗೆ ಈ ಕಾರಲ್ಲೇ ಊರಿಗೋಗ್ಬೇಕು. ಇದು ಮನೆ ಮುಂದೆ ಬಂದು ನಿಲ್ಲೋದನ್ನ ಅವ್ವ ಇನ್ನೊಂದ್ಸಲ ನೋಡ್ಬೇಕು ಕಣ್ರೀ."

"ಇಷ್ಟೇ ತಾನೇ!" ಎಂದೆ. ಮಾರನೇ ದಿನವೇ ಎಂಜಿನ್ನು ಶಿರಾದ ಗುಜರಿ ಸೇರಿತು. ಇನ್ನು ಹಿಂದೆ ಸರಿಯುವ ಮಾತೇ ಇರಲಿಲ್ಲ.

ಆದರೆ ಕಾರು ಸರಿದದ್ದು ಹಿಂದಕ್ಕೇ! ಮೋಟರು ಕೂರಿಸಿ, ಮೊದಲನೇ ಗೇರು ಹಾಕಿ, ಗಂಭೀರವಾಗಿ ಎಕ್ಸಲರೇಟರ್ ಒತ್ತಿದೆ. ಕಾರು ಹಿಂದೆ ಹಾರಿ ನಮ್ಮದೇ ನೀರಿನ ಡ್ರಮ್ಮಿಗೆ ಗುದ್ದಿತು. ಬಾಗಿಲಲ್ಲಿ ನಿಂತಿದ್ದ ರತ್ನ ತಣ್ಣಗೆ ನುಡಿದಳು.

"ಮೋಟ್ರು ಉಲ್ಟಾ ತಿರುಗ್ತೈತೆ. ನಮ್ಮ ಬೋರ್‌ವೆಲ್ ಮೋಟ್ರೂ ಇಂಗೇ ಮಾಡ್ತಿತ್ತು. ಮೂರು ವೈರಲ್ಲಿ ಯಾವುದಾದ್ರೂ ಎರಡನ್ನ ಅದಲು ಬದಲು ಮಾಡಿದ್ರೆ ಸರಿಹೋಗ್ತದೆ."

"ಇದು ಪಂಪ್‌ಸೆಟ್ಟಲ್ಲ ರತ್ನ. ಮೋಟರನ್ನು ನಡೆಸೋದಕ್ಕೆ ಇದರಲ್ಲಿ ಕಂಟ್ರೋಲರ್ ಇದೆ" ಎಂದು ತಿಳಿಹೇಳಿದೆ. ಅವಳು ಡ್ರಮ್ಮನ್ನು ಎತ್ತಿ ನಿಲ್ಲಿಸಿ ಒಳಗೆ ಹೋದಳು.

ಗೇರಿನ ಕಡ್ಡಿಯನ್ನು ತಪ್ಪಾಗಿ ಜೋಡಿಸಿರಬೇಕು ಎಂಬುದು ನನ್ನ ಸಂಶೋಧನೆ. ಎರಡು ದಿನ ಕಾರಿನಡಿ ಮಲಗಿದೆ. ಸಿಕ್ಕಿದ್ದು ಬೆನ್ನುನೋವು. ಕೊನೆಗೆ ಒಂದು ಅದ್ಭುತ ಗೊತ್ತಾಯಿತು. ರಿವರ್ಸ್ ಗೇರು ಹಾಕಿದರೆ ಕಾರು ಮುಂದಕ್ಕೆ ಹೋಗುತ್ತಿತ್ತು! ಸಮಸ್ಯೆ ಬಗೆಹರಿದಿದೆ ಎಂದು ಮನೆಯವರಿಗೆ ಅಧಿಕೃತವಾಗಿ ತಿಳಿಸಿದೆ.

ರಿವರ್ಸ್ ಗೇರಿನಲ್ಲಿ ಹೋಗುವ ಕಾರು 'ಕೊಂಯ್' ಎಂದು ಅಳುತ್ತದೆ. ಓಟವೂ ಅಷ್ಟಕ್ಕಷ್ಟೇ. ಆ ಅಳು ನಿಲ್ಲಿಸಲು ಮೋಟರಿನ ಬೇರಿಂಗ್ ಬದಲಿಸಿದೆ. ಅಡಿಗೆ ದಪ್ಪ ರಬ್ಬರ್ ಇಟ್ಟೆ. ಮೋಟರಿಗೂ ಗೇರ್‌ಬಾಕ್ಸಿಗೂ ನಡುವಿನ ಕೊಂಡಿಯನ್ನು ನಾಲ್ಕು ಸಲ ಬಿಚ್ಚಿ ಕಟ್ಟಿದೆ. ಗ್ರೀಸು ಕಾರಿಗಿಂತ ನನ್ನ ಮೈಗೇ ಹೆಚ್ಚು ಹತ್ತಿತು. ಮೂರು ವಾರ ಕಳೆದವು. ಕಾರು ಅಳುತ್ತಲೇ ಇತ್ತು.

ಪೂಜೆಯ ದಿನ ಬಂದೇಬಿಟ್ಟಿತು. ಪಂಚೆ ಶಲ್ಯದಲ್ಲಿ ನಾನು, ರೇಷ್ಮೆ ಸೀರೆಯಲ್ಲಿ ರತ್ನ. ರಿವರ್ಸ್ ಗೇರಿನಲ್ಲಿ ಮುನ್ನಡೆದೆವು. ಹುಲ್ಲಿನ ಹೊರೆ ಕಟ್ಟಿಕೊಂಡಿದ್ದ ಸೈಕಲ್ಲೊಂದು ಬೆಲ್ ಹೊಡೆದು ನಮ್ಮನ್ನು ದಾಟಿ ಹೋಯಿತು. ಮೊದಲ ಏರಿನಲ್ಲೇ ಸುಟ್ಟ ವಾಸನೆ ಬಂದು ಕಾರು ನಿಂತಿತು. ಅತ್ತೆ ದಾರಿ ಕಾಯುತ್ತಿದ್ದಾರೆ ಎಂಬುದು ನೆನಪಾಗಿ ಮತ್ತೆ ಮತ್ತೆ ಎಕ್ಸಲರೇಟರ್ ಒತ್ತಿದೆ.

ರತ್ನ ಇಳಿದು ಸೆರಗು ಸಿಕ್ಕಿಸಿದಳು.

"ಮೈನ್ ಆಫ್ ಮಾಡಿ. ಸ್ಪ್ಯಾನರ್ ಕೊಡಿ."

ಕೊಟ್ಟೆ. ಎರಡು ವೈರು ಬಿಚ್ಚಿದಳು, ಜಾಗ ಬದಲಿಸಿ ಬಿಗಿದಳು. ಮೋಟರು ಸ್ವಲ್ಪ ತಣ್ಣಗಾಗಲಿ ಎಂದು ಕಾದೆವು. ಆಮೇಲೆ ಮೊದಲನೇ ಗೇರು ಹಾಕಿದೆ. ಕಾರು ಮುಂದೆ ಹೋಯಿತು! ಸದ್ದೇ ಇಲ್ಲ!

"ಆವತ್ತೇ ಗಟ್ಟಿಯಾಗಿ ಹೇಳಬಾರದಿತ್ತಾ?"

"ಹೇಳಿದ್ದೆ. ನೀವು ಕಂಟ್ರೋಲರ್ ಅಂದ್ರಿ."

ಮೋಟರು ಯಾವ ಕಡೆ ತಿರುಗುತ್ತದೆಂದು ಎಡಗೈಯ ಮೂರು ಬೆರಳು ಚಾಚಿ ಇಪ್ಪತ್ತೆರಡು ವರ್ಷ ಮಕ್ಕಳಿಗೆ ತೋರಿಸಿದವನು ನಾನು. ಆ ಬೆರಳುಗಳಿಗೆ ಹತ್ತಿದ್ದು ಸೀಮೆಸುಣ್ಣ ಮಾತ್ರ. ಅವಳು ಚಿಕ್ಕಂದಿನಿಂದ ತೋಟದ ಪಂಪಿನ ಸ್ಟಾರ್ಟರ್ ಒತ್ತಿ ಬೆಳೆದವಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಐ.ಡಿ.ಹಳ್ಳಿಯ ಮನೆ ಮುಂದೆ ಕಾರು ನಿಲ್ಲಿಸಿದಾಗ ಜಗಲಿಯಲ್ಲಿ ಯಾರೂ ಇರಲಿಲ್ಲ. ರತ್ನ ಕೂಗಿದ ಮೇಲೆ ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದರು.

"ಅಯ್ಯೋ, ಬಂದೇ ಬುಟ್ರಾ? ಕೇಳುಸ್ಲೇ ಇಲ್ವಲ್ಲ! ನಿಮ್ಮ ಮಾವ ಆ ತಿರುವಿಗೆ ಬರ್ತಿದ್ದಂಗೇ ಸದ್ದು ಕೇಳ್ತಿತ್ತು. ಒಲೆ ಮೇಲೆ ಕಾಫಿಗೆ ನೀರಿಕ್ತಿದ್ದೆ. ಇವತ್ತೂ ಆ ಸದ್ದಿಗೇ ಕಾಯ್ತಾ ಇದ್ದೆ ಕಣಪ್ಪ."

ಅವರು ಬಾನೆಟ್ಟಿನ ಮೇಲೆ ಕೈಯಾಡಿಸಿದರು. ರತ್ನ ಆ ಕಡೆ ಮುಖ ತಿರುಗಿಸಿದಳು. ಸದ್ದಿಲ್ಲದ ಕಾರಿನ ಲಾಭಗಳ ಕುರಿತು ದಾರಿಯುದ್ದಕ್ಕೂ ತಯಾರಿಸಿಕೊಂಡು ಬಂದಿದ್ದ ಭಾಷಣವನ್ನು ನುಂಗಿಕೊಂಡೆ.

"ಇಲ್ಲೇ ಕೂತಿರಿ ಅತ್ತೆ" ಎಂದು ಹೇಳಿ ಕಾರನ್ನು ವಾಪಸ್ ತಿರುವಿನ ತನಕ ಒಯ್ದೆ. ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಉಸಿರೆಳೆದುಕೊಂಡೆ.

"ಡುರ್ರ್ರ್ರ್ರ್ರ್..."

ಅರಳಿಕಟ್ಟೆಯಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು. ನಾನು ನಿಲ್ಲಿಸಲಿಲ್ಲ. ಅತ್ತೆ ಜಗಲಿಯಲ್ಲಿ ಕಣ್ಣು ಮುಚ್ಚಿ ಕೇಳಿದರು.

"ಪರ್ವಾಗಿಲ್ಲ ಅಳಿಯಂದ್ರೇ. ಆದ್ರೆ ಮನೆ ತಾವ ಬಂದಾಗ ಅದು ಎಲ್ಡು ಸಲ ಕೆಮ್ತಿತ್ತು."

ಮತ್ತೆ ತಿರುವಿಗೆ ಹೋದೆ. ಡುರ್ರೆನ್ನುತ್ತಾ ಬಂದು ಮನೆ ಮುಂದೆ ಎರಡು ಸಲ ಕೆಮ್ಮಿದೆ. ಅತ್ತೆ ಕಣ್ಣೊರೆಸಿಕೊಂಡು, ಕಾಫಿಗೆ ನೀರಿಡಲು ಎದ್ದು ಹೋದರು.

ಸಂಜೆ ಹೊರಟಾಗ ಕಾರು ಓಡಿಸಿದವಳು ರತ್ನ. ಊರು ದಾಟುವ ತನಕ ಎಂಜಿನ್ ನಾನೇ!