ಡೈರಿಯಲ್ಲಿ ಮೂರು ತಪ್ಪು, ರಟ್ಟಿನ ಮೇಲೆ ಒಂದು ಸಾಲು

ಕೋರ್ಸುಗಳಿಗೆ ಸ್ಲೈಡ್ ಮಾಡಿಕೊಡುವವರ ಬದುಕಿನಲ್ಲಿ ಎಡವಟ್ಟಿಲ್ಲದೆ ಒಂದು ವಾರ ಕಳೆಯಿತು ಅಂದರೆ, ಆ ವಾರ ಆಫೀಸಿಗೆ ರಜೆ ಇತ್ತು ಅಂತಲೇ ಅರ್ಥ. ಈಗ ನಾನು ಜೆ.ಪಿ. ನಗರದ ಒಂದು ಕಂಪನಿಯಲ್ಲಿ ಡಿಸೈನರ್. ಏಸಿ ಇದೆ, ಎರಡು ಮಾನಿಟರ್ ಇವೆ, ತಪ್ಪಾದರೆ ಮೆತ್ತಗೆ ಒಂದು ಇಮೇಲ್ ಬರುತ್ತದೆ. ಆದರೂ ಓದುತ್ತಿದ್ದಾಗ ಮಾಡಿದ ತಪ್ಪುಗಳ ರುಚಿ ಈಗಿನವಕ್ಕೆ ಇಲ್ಲ.

ಆಗ ನಾನು ಡಿಸೈನ್ ಓದಿನ ಕೊನೆಯ ವರ್ಷದಲ್ಲಿದ್ದೆ. ನಮ್ಮ ಯೂನಿವರ್ಸಿಟಿಯ ಆನ್‌ಲೈನ್ ಕೋರ್ಸುಗಳ ಆಫೀಸು ಜಯನಗರದಲ್ಲಿ, ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಮೇಷ್ಟ್ರುಗಳು ಪಾಠ ಬರೆದು ಕೊಡುತ್ತಿದ್ದರು. ಅದಕ್ಕೆ ಸ್ಲೈಡು, ಚಿತ್ರ, ಚಾರ್ಟು ಮಾಡುವುದು ಸ್ಟೂಡೆಂಟ್ ಡಿಸೈನರ್ ಆದ ನನ್ನ ಕೆಲಸ. ಅಲ್ಲಿ ಆರು ತಿಂಗಳು ದುಡಿದು ಅನುಭವ ಪತ್ರ ತಂದರೆ ಮಾತ್ರ ನಾನು ಪಾಸು, ಇಲ್ಲದಿದ್ದರೆ ಒಂದು ವರ್ಷ ಹೋಯಿತು. ಆ ಪತ್ರಕ್ಕೆ ಸಹಿ ಹಾಕಬೇಕಾದವರು ಕೋಆರ್ಡಿನೇಟರ್ ಮೇಡಂ. ಮೊದಲ ದಿನವೇ ಅವರು ಒಂದು ನೀಲಿ ಡೈರಿ ತೆಗೆದು ನನ್ನ ಹೆಸರು ಬರೆದುಕೊಂಡರು.

"ನೋಡಮ್ಮ, ಕೆಲಸ ನಿಧಾನ ಆದ್ರೆ ಪರವಾಗಿಲ್ಲ, ತಪ್ಪು ಮಾತ್ರ ಆಗ್ಬಾರ್ದು. ತಪ್ಪಾದ್ರೆ ಇಲ್ಲಿ ಬರ್ಕೋತೀನಿ. ಮೂರಾಯ್ತು ಅಂದ್ರೆ ಪತ್ರದ ಆಸೆ ಬಿಟ್ಬಿಡು."

ಹೇಳಿದವರು ಹೆಸರಿನ ಕೆಳಗೆ ತಪ್ಪು ಬರೆಯಲು ಮೂರು ಗೆರೆಗಳನ್ನೂ ಎಳೆದಿಟ್ಟುಕೊಂಡರು. ನನ್ನ ಮೇಲೆ ಅಷ್ಟು ನಂಬಿಕೆ.

೧. ಟು-ಲೆಟ್ ಬೋರ್ಡು

ಈ ಪ್ರಸಂಗ ಆಫೀಸಿನದ್ದಲ್ಲ, ಮನೆಯದು. ಆದರೆ ಇದನ್ನು ಮೊದಲು ಹೇಳದಿದ್ದರೆ ಮುಂದಿನದ್ದಕ್ಕೆ ಬೆಲೆ ಬರುವುದಿಲ್ಲ.

ನಾವು ಬಿಳೇಕಹಳ್ಳಿಯಲ್ಲಿ ಒಂದು ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿದ್ದೆವು. ಕೆಳಗೆ ಓನರ್ ಅಂಕಲ್. ಆ ಊರು ಇನ್ನೂ ಹಳ್ಳಿಯಾಗಿದ್ದಾಗ ಅಲ್ಲೇ ಬೇಸಾಯ ಮಾಡಿಕೊಂಡಿದ್ದವರು. ಹೊಲ ಹೋಗಿ ಲೇಔಟ್ ಆಯಿತು, ಲೇಔಟ್ ಹೋಗಿ ಅಪಾರ್ಟ್‌ಮೆಂಟ್ ಆಯಿತು. ಅಂಕಲ್ ಮಾತ್ರ ಪಂಚೆಯನ್ನೂ ಬಿಡಲಿಲ್ಲ, ಬೆಳಗಿನ ಐದಕ್ಕೆ ಏಳುವುದನ್ನೂ ಬಿಡಲಿಲ್ಲ. ಎದ್ದು ಹೋಗಲು ಹೊಲ ಇಲ್ಲದ್ದರಿಂದ ತಾರಸಿಯ ಮೇಲಿನ ಹನ್ನೆರಡು ಕುಂಡಗಳಿಗೆ ನೀರು ಹಾಕುತ್ತಿದ್ದರು.

ಎರಡನೇ ಮಹಡಿ ಖಾಲಿಯಾದಾಗ ನನ್ನನ್ನು ಕರೆದರು. "ಅಮ್ಮಣ್ಣಿ, ನೀನು ಅದೇನೋ ಡಿಸೈನು ಓದ್ತಿದೀಯಲ್ಲ, ಒಂದು ಬೋರ್ಡ್ ಮಾಡ್ಕೊಡವ್ವ."

ನನ್ನ ಜೀವನದ ಮೊದಲ ಕ್ಲೈಂಟ್! ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಆ ಬೋರ್ಡಿಗೆ ಸುರಿದೆ. ಬಿಳಿ ಹಿನ್ನೆಲೆ, ತಿಳಿ ಬೂದು ಅಕ್ಷರ, ಸುತ್ತ ಉಸಿರಾಡಲು ಜಾಗ, ಮೂಲೆಯಲ್ಲಿ ಬೆರಳುಗುರಿನಷ್ಟು ಒಂದು ಮನೆಯ ಚಿತ್ರ. ನಮ್ಮ ಕ್ಲಾಸಿನಲ್ಲಿ ಎಲ್ಲರೂ "ಸಖತ್ ಗುರು" ಅಂದರು. ಅಂಕಲ್ ಅದನ್ನು ಗೇಟಿಗೆ ಕಟ್ಟಿದರು. ಎರಡು ತಿಂಗಳು ಒಬ್ಬರೂ ಬರಲಿಲ್ಲ.

ಒಂದು ಭಾನುವಾರ ಅಂಕಲ್ ಟೀವಿ ಬಂದಿದ್ದ ರಟ್ಟಿನ ಡಬ್ಬ ಹರಿದು, ಗೇಟಿಗೆ ಬಳಿದು ಉಳಿದಿದ್ದ ಕೆಂಪು ಪೇಂಟಿನಲ್ಲಿ "ಮನೆ ಬಾಡಿಗೆಗೆ ಇದೆ" ಅಂತ ಬರೆದು ನನ್ನ ಬೋರ್ಡಿನ ಪಕ್ಕದಲ್ಲಿ ಕಟ್ಟಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಹೋಯಿತು. ಅಡ್ವಾನ್ಸ್ ಕೊಡಲು ಬಂದವರು ಹೊರಡುವಾಗ ನನ್ನ ಬೋರ್ಡಿನ ಕಡೆ ಕೈ ತೋರಿಸಿ ಕೇಳಿದರು: "ಅಂಕಲ್, ಇಲ್ಲಿ ಡಾಕ್ಟ್ರು ಎಷ್ಟು ಗಂಟೆಗೆ ಸಿಗ್ತಾರೆ?"

೨. ಖಾಲಿ ಸೈಟು

ಆಫೀಸಿನಲ್ಲಿ ನನ್ನ ಪಾಲಿಗೆ ಬಂದವರು ಅರ್ಥಶಾಸ್ತ್ರದ ಮೇಷ್ಟ್ರು. ಒಳ್ಳೆಯ ಮನುಷ್ಯ. ಗಂಟಲು ದೊಡ್ಡದು, ಕನ್ನಡಕ ಅದಕ್ಕಿಂತ ದೊಡ್ಡದು. ಮೊದಲ ಸ್ಲೈಡನ್ನು ತೋರಿಸಿದಾಗ ಪರದೆಯ ಹತ್ತಿರ ಹೋಗಿ, ದೂರ ಬಂದು, ಮತ್ತೆ ಹತ್ತಿರ ಹೋದರು.

"ಏನಮ್ಮ, ಬಲಗಡೆ ಇಷ್ಟು ಜಾಗ ಖಾಲಿ ಬಿಟ್ಟಿದ್ದೀಯಲ್ಲ, ಯಾಕೆ?"

"ಸಾರ್, ಅದು ಬೇಕಂತಲೇ ಬಿಟ್ಟಿದ್ದು. ಖಾಲಿ ಜಾಗ ಇದ್ರೆ ಕಣ್ಣಿಗೆ ಹಿತವಾಗಿರತ್ತೆ."

"ಜಯನಗರದಲ್ಲಿ ಕೂತ್ಕೊಂಡು ಖಾಲಿ ಜಾಗ ಬಿಡ್ತೀನಿ ಅಂತೀಯಲ್ಲಮ್ಮ! ಇಷ್ಟರಲ್ಲಿ ಜನ ಮೂರು ಫ್ಲೋರ್ ಎಬ್ಬಿಸ್ತಾರೆ."

ಮರುದಿನ ಆ ಜಾಗಕ್ಕೆ ತುಂಬಲು ಒಂದು ಹಾಳೆ ಕಳಿಸಿದರು. ಅವರ ಹೆಸರು, ಫೋಟೋ, ಡಿಗ್ರಿಗಳು, ಡಿಪ್ಲೊಮಾಗಳು, ಹೈಸ್ಕೂಲಿನಲ್ಲಿ ಭಾಷಣಕ್ಕೆ ಬಂದ ಬಹುಮಾನ, ಎಲ್ಲ ಸೇರಿ ಹದಿನಾಲ್ಕು ಸಾಲು. ಅದೂ ಪ್ರತಿಯೊಂದು ಸ್ಲೈಡಿನಲ್ಲೂ ಬರಬೇಕಂತೆ. ನಾನು ಜಾಣತನ ಮಾಡಿ ಹನ್ನೆರಡು ಸಾಲು ತೆಗೆದು ಕಳಿಸಿದೆ. ಅರ್ಧ ಗಂಟೆಯಲ್ಲಿ ಮೇಷ್ಟ್ರು ಮೇಡಂ ಮುಂದಿದ್ದರು, ಮೇಡಂ ಮುಂದೆ ಡೈರಿ ಇತ್ತು. "ಕೇಳದೆ ತೆಗೆದಿದ್ದು," ಎಂದು ಮೊದಲ ಗೆರೆಯ ಮೇಲೆ ಬರೆದರು.

ಹದಿನಾಲ್ಕು ಸಾಲೂ ವಾಪಸು ಸ್ಲೈಡಿಗೆ ಬಂದವು. ಮೊದಲ ಪಾಠ ನೋಡಿದ ವಿದ್ಯಾರ್ಥಿನಿಯೊಬ್ಬಳು ಡೌಟ್ ಕೇಳುವ ಜಾಗದಲ್ಲಿ ಬರೆದಿದ್ದಳು: "ಪಾಠ ಅರ್ಥವಾಯಿತು. ಬಲಗಡೆ ಇರುವ ಸಾರ್ ಪರೀಕ್ಷೆಗೆ ಬರುತ್ತಾರಾ?"

೩. ಹಸಿರು ಚೆನ್ನಾಗಿಲ್ಲ

ಮೇಷ್ಟ್ರು ಪಾಠ ಮಾಡುತ್ತಿದ್ದುದು ಸ್ಲೈಡ್ ನೋಡಿ ಓದಿಕೊಂಡು. ನಮ್ಮ ಆಫೀಸಿನಲ್ಲಿ ಪದ್ಧತಿ ಏನೆಂದರೆ, ಮೇಡಂ ತಿದ್ದುಪಡಿಗಳನ್ನು ಸ್ಲೈಡಿನ ಮೇಲೆಯೇ ಟೈಪ್ ಮಾಡಿ ಕಳಿಸುತ್ತಿದ್ದರು. ನಾನು ಅದನ್ನು ಸರಿಪಡಿಸಿ, ಅವರ ಮಾತು ಅಳಿಸಿ, ರೆಕಾರ್ಡಿಂಗಿಗೆ ಕೊಡಬೇಕು. ಒಂದು ದಿನ ಅವಸರದಲ್ಲಿ ತಿದ್ದದೇ ಇದ್ದ ಫೈಲನ್ನೇ ಕೊಟ್ಟುಬಿಟ್ಟೆ.

ಮೇಷ್ಟ್ರು ಕ್ಯಾಮೆರಾ ಮುಂದೆ ಗಂಭೀರವಾಗಿ ಶುರು ಮಾಡಿದರು. "ಬೇಡಿಕೆ ಹೆಚ್ಚಾದಾಗ ಬೆಲೆ ಏರುತ್ತದೆ. ಪೂರೈಕೆ ಹೆಚ್ಚಾದಾಗ ಬೆಲೆ ಇಳಿಯುತ್ತದೆ. ಇಲ್ಲಿ ಹಸಿರು ಚೆನ್ನಾಗಿಲ್ಲ, ಕೆಂಪು ಮಾಡಿ. ಹಾಗೆಯೇ ಗ್ರಾಹಕರ ಆದಾಯವೂ ಮುಖ್ಯವಾಗುತ್ತದೆ."

ಒಂದು ಚೂರೂ ತಡವರಿಸಲಿಲ್ಲ. ಹಾಗಾಗಿ ಕೇಳಿಸಿಕೊಂಡವರಿಗೂ ಅನುಮಾನ ಬರಲಿಲ್ಲ. ವಿಡಿಯೋ ಹೋಯಿತು, ನೂರಾರು ಜನ ನೋಡಿದರು. ಮೇಡಂಗೆ ಗೊತ್ತಾಗುವಷ್ಟರಲ್ಲಿ ವಾರ ಕಳೆದಿತ್ತು. ಡೈರಿಯ ಎರಡನೇ ಗೆರೆ ತುಂಬಿತು. ಆ ಸಂಜೆ ಜಯನಗರ ಫೋರ್ತ್ ಬ್ಲಾಕ್‌ನಿಂದ ಮನೆಯವರೆಗೆ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತಿದ್ದೆ. ಇನ್ನೊಂದು ತಪ್ಪಾದರೆ ಒಂದು ವರ್ಷ ಹೋಯಿತು, ಅಪ್ಪನಿಗೆ ಏನು ಹೇಳಲಿ ಅಂತ ನಿಜಕ್ಕೂ ಭಯವಾಗಿತ್ತು.

ಮರುದಿನ ಆನ್‌ಲೈನ್ ಡೌಟ್ ಕ್ಲಾಸಿನಲ್ಲಿ ಹುಡುಗನೊಬ್ಬ ಕೇಳಿಯೇ ಬಿಟ್ಟ. "ಸಾರ್, ಬೇಡಿಕೆಯಲ್ಲಿ ಹಸಿರು ಯಾಕೆ ಚೆನ್ನಾಗಿಲ್ಲ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಬಹಳ ಒಳ್ಳೆ ಪ್ರಶ್ನೆ," ಅಂದರು. ಆಮೇಲೆ ಹತ್ತು ನಿಮಿಷ ಉತ್ತರ ಕೊಟ್ಟರು. ಕೇಳಿದ ಹುಡುಗನಿಗೆ ಪೂರ್ತಿ ಸಮಾಧಾನವಾಯಿತು.

೪. ಹಿರಿಯ ಕೃಷಿ ತಜ್ಞರು

ಕೊನೆಯ ತಿಂಗಳು ಕೃಷಿ ಅರ್ಥಶಾಸ್ತ್ರದ ಕೋರ್ಸು. ಪಾಠವೂ ಅದೇ ಮೇಷ್ಟ್ರದ್ದು. ಅದರಲ್ಲಿ "ತಜ್ಞರ ಮಾತು" ಅಂತ ಒಂದು ಸ್ಲೈಡ್ ಇತ್ತು. ಫೋಟೋ, ಮಾತು ಎರಡೂ ಆಮೇಲೆ ಬರುತ್ತವೆ ಅಂದಿದ್ದರು ಮೇಷ್ಟ್ರು. ಅಲ್ಲಿಯವರೆಗೆ ಆ ಜಾಗಕ್ಕೆ ಯಾವುದೋ ಒಂದು ಫೋಟೋ, ಏನೋ ಎರಡು ಸಾಲು ಹಾಕಿಟ್ಟುಕೊಳ್ಳುವುದು ನಮ್ಮ ಕೆಲಸದಲ್ಲಿ ವಾಡಿಕೆ. ಡಮ್ಮಿ ಅನ್ನುತ್ತೇವೆ.

ನನ್ನ ಫೋನಿನಲ್ಲಿ ಓನರ್ ಅಂಕಲ್ ತಾರಸಿಯ ಬದನೆ ಗಿಡದ ಪಕ್ಕ ನಿಂತಿದ್ದ ಫೋಟೋ ಇತ್ತು. ಅದನ್ನೇ ಹಾಕಿದೆ. ಮಾತಿಗೆ, ಹಿಂದಿನ ವಾರ ಮಳೆ ಬಂದು ನಮ್ಮ ರಸ್ತೆಯೆಲ್ಲ ನೀರಾದಾಗ ಅಂಕಲ್ ಮೆಟ್ಟಿಲ ಮೇಲೆ ನಿಂತು ಹೇಳಿದ್ದು ನೆನಪಾಯಿತು: "ನೀರು ಹರಿಯೋ ದಾರಿ ತಿಳ್ಕೊಳ್ಳದೆ ನೆಲಕ್ಕೆ ಕೈ ಹಾಕ್ಬಾರ್ದು. ನಾವು ಮರೆತ್ರೂ ನೀರು ಮರೆಯಲ್ಲ." ಅದನ್ನು ಟೈಪ್ ಮಾಡಿದೆ. ಕೆಳಗೆ "ತಜ್ಞರು" ಅಂತ ಹಾಕಿದೆ.

ಆ ಸ್ಲೈಡು ಎಲ್ಲರ ಕೈ ದಾಟಿತು. ಮೇಷ್ಟ್ರು ಫೋಟೋವನ್ನು ಎಡಕ್ಕೆ ಸರಿಸಲು ಹೇಳಿದರು. ಭಾಷೆ ನೋಡುವವರು "ಮರೆಯಲ್ಲ" ಎನ್ನುವುದನ್ನು "ಮರೆಯುವುದಿಲ್ಲ" ಮಾಡಿದರು. ಮೇಡಂ, "ಬರೀ ತಜ್ಞರು ಅಂದ್ರೆ ಬೋಳು ಬೋಳಾಗಿದೆ, ಹಿರಿಯ ಕೃಷಿ ತಜ್ಞರು ಅಂತ ಹಾಕು," ಅಂದರು. ಮೇಷ್ಟ್ರು ಇದನ್ನು ಮೇಡಂ ಕೊಟ್ಟಿದ್ದು ಅಂದುಕೊಂಡಿದ್ದರು, ಮೇಡಂ ಮೇಷ್ಟ್ರು ಕೊಟ್ಟಿದ್ದು ಅಂದುಕೊಂಡಿದ್ದರು. ನಾನು ಇನ್ನೇನು ನಿಜವಾದ ಫೋಟೋ ಬರುತ್ತದೆ ಅಂದುಕೊಂಡು ಮರೆತೇಬಿಟ್ಟೆ. ಕೋರ್ಸ್ ಹೊರಗೆ ಹೋಯಿತು.

ಹದಿನೈದು ದಿನ ಬಿಟ್ಟು ಮೇಡಂ ಕರೆದರು. ಮೇಷ್ಟ್ರೂ ಕೂತಿದ್ದರು. ಮೇಡಂ ಮುಖದಲ್ಲಿ ನಾನು ಅದುವರೆಗೆ ಕಾಣದಿದ್ದ ನಗು.

"ಯೂನಿವರ್ಸಿಟಿ ಕಮಿಟಿಯವರು ಕೋರ್ಸ್ ನೋಡಿದ್ದಾರೆ. ಆ ತಜ್ಞರ ಮಾತು ತುಂಬಾ ಹಿಡಿಸಿದೆ ಅಂತೆ. ಅವರನ್ನ ಕರೆಸಿ ಒಂದು ಲೈವ್ ಕ್ಲಾಸ್ ಮಾಡ್ಸಿ ಅಂದಿದ್ದಾರೆ. ಯಾವ ಯೂನಿವರ್ಸಿಟಿಯವ್ರಮ್ಮ ಅವ್ರು?"

"ಮೇಡಂ, ಅವ್ರು ನಮ್ಮ ಮನೆ ಓನರ್."

ಮೇಡಂ ಡೈರಿ ತೆಗೆದರು, ಪೆನ್ನಿನ ಕ್ಯಾಪ್ ತೆಗೆದರು. ನನಗೆ ಅಳುವೇ ಬಂತು. ಕೊನೆಯ ಗೆರೆ, ಕೊನೆಯ ತಿಂಗಳು.

ಆಗ ಮೇಷ್ಟ್ರು ಕೇಳಿದರು, "ಅವ್ರು ವ್ಯವಸಾಯ ಮಾಡಿದ್ದಾರೇನಮ್ಮ?"

"ಮೂವತ್ತು ವರ್ಷ ಸಾರ್. ರಾಗಿ, ಅವರೆ, ಹುಚ್ಚೆಳ್ಳು. ಎಲ್ಲ ಬಿಳೇಕಹಳ್ಳಿಯಲ್ಲೇ."

ಮೇಷ್ಟ್ರು ಮೇಡಂ ಕಡೆ ತಿರುಗಿದರು. "ಮೇಡಂ, ನನ್ನ ಹದಿನಾಲ್ಕು ಸಾಲಲ್ಲಿ ರಾಗಿ ತೆನೆ ಮುಟ್ಟಿದ್ದೀನಿ ಅಂತ ಒಂದು ಸಾಲೂ ಇಲ್ಲ. ಕರೆಸಿ ಅವ್ರನ್ನ."

ಆ ಮಾತಿಗೆ ನಾನು ಅವರ ಹದಿನಾಲ್ಕೂ ಸಾಲುಗಳನ್ನು ಅಲ್ಲೇ ಕ್ಷಮಿಸಿದೆ. ಮೇಡಂ ಪೆನ್ನು ಡೈರಿಯ ಮೇಲಿಟ್ಟು, "ಬರೆಯೋದು ಆಮೇಲೆ. ಮೊದ್ಲು ಅವ್ರು ಬಂದು ಹೋಗ್ಲಿ," ಅಂದರು.

ಅಂಕಲ್ ಸುಲಭಕ್ಕೆ ಒಪ್ಪಲಿಲ್ಲ. "ನಾನು ಇಸ್ಕೂಲಿಗೇ ನೆಟ್ಟಗೆ ಹೋದೋನಲ್ಲ ಅಮ್ಮಣ್ಣಿ, ಕಾಲೇಜಿಗೆ ಬಂದು ಏನು ಪಾಠ ಮಾಡ್ಲಿ?" ನಾನು ಡೈರಿಯ ವಿಷಯ ಹೇಳಿದೆ. ಬರದಿದ್ದರೆ ನನ್ನ ಒಂದು ವರ್ಷ ಹೋಗುತ್ತದೆ ಅಂದೆ. ಅಂಕಲ್ ಎದ್ದು ಒಳಗೆ ಹೋಗಿ, "ಆ ಬಿಳೀ ಶರಟು ಎಲ್ಲಿಟ್ಟಿದೀಯೇ?" ಅಂತ ಆಂಟಿಯನ್ನು ಕೇಳಿದರು.

ಲೈವ್ ಶುರುವಾಯಿತು. ಮೇಷ್ಟ್ರು ಕೈ ಮುಗಿದು, "ನಿಮ್ಮ ಹೊಲ ಎಲ್ಲಿತ್ತು ಸಾರ್?" ಅಂದರು. ಅಂಕಲ್ ಸ್ಟುಡಿಯೋದ ಗೋಡೆಯ ಕಡೆ ಕೈ ತೋರಿಸಿ, ಆ ಗೋಡೆ ಇಲ್ಲವೇ ಇಲ್ಲ ಅನ್ನುವ ಹಾಗೆ ಹೇಳುತ್ತ ಹೋದರು. "ಈಗ ಆ ದೊಡ್ಡ ಅಪಾರ್ಟ್‌ಮೆಂಟ್ ಐತಲ್ಲ, ಅದ್ರ ಗೇಟು ನಮ್ಮ ಕಣ. ಈಜು ಹೊಡೆಯೋ ಕೊಳ ಮಾಡವ್ರಲ್ಲ, ಅಲ್ಲಿ ಅವರೆ ಬೆಳೀತಿದ್ವಿ. ಕಾರು ನಿಲ್ಲಿಸೋ ಬೇಸ್‌ಮೆಂಟು ನಮ್ಮ ಬಾವಿ."

"ಬಾವಿ ಮುಚ್ಚಿ ಕಟ್ಟಿದ್ರಾ?"

"ಹೂಂ. ಪ್ರತಿ ಮಳೆಗೂ ಕಾರುಗಳು ಮುಳುಗ್ತವೆ. ಎಲ್ಲಿಂದ ಬರತ್ತೆ ನೀರು ಅಂತ ಎಂಜಿನಿಯರು ಬಂದು ಬಂದು ನೋಡ್ತಾರೆ. ನನ್ನನ್ನ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು. ಅಷ್ಟರಲ್ಲಿ ಹಿಂದಿನ ಪರದೆಯ ಮೇಲೆ ನಾನು ಬರೆದ ನೇಗಿಲಿನ ಚಿತ್ರ ಬಂತು. ಅಂಕಲ್ ತಿರುಗಿ ನೋಡಿ, ಪಾಠ ನಿಲ್ಲಿಸಿದರು.

"ಇದನ್ಯಾರು ಬರೆದೋರು? ಹಿಡಿ ಎತ್ತಿನ ಕಡೆಗೈತೆ. ಉಳೋದು ಮನುಷ್ಯನೋ ಎತ್ತೋ?"

ನೂರಾರು ವಿದ್ಯಾರ್ಥಿಗಳ ಮುಂದೆ, ಲೈವ್‌ನಲ್ಲಿ. ಮೇಡಂ ನನ್ನ ಕಡೆ ತಿರುಗಿದರು. ಲೆಕ್ಕಕ್ಕೆ ಅದು ನಾಲ್ಕನೇ ತಪ್ಪು. ಡೈರಿಯಲ್ಲಿ ಗೆರೆ ಇದ್ದದ್ದು ಮೂರೇ.

ಕ್ಲಾಸ್ ಮುಗಿದ ಮೇಲೆ ಮೇಡಂ ಅಂಕಲ್‌ಗೆ ತಮ್ಮ ಕೈಯಾರೆ ಕಾಫಿ ಕೊಟ್ಟರು. ಆಮೇಲೆ ಡೈರಿ ತೆಗೆದು ಮೂರನೇ ಗೆರೆಯ ಮೇಲೆ "ಡಮ್ಮಿ ಫೋಟೋ" ಅಂತ ಬರೆದರು. ಒಂದು ಕ್ಷಣ ಯೋಚಿಸಿ, ಅದರ ಮುಂದೆ "ಬದಲಾಯಿಸುವುದು ಬೇಡ" ಅಂತ ಬರೆದರು. ವಾರದಲ್ಲಿ ಅನುಭವ ಪತ್ರ ಕೈಗೆ ಬಂತು.

ಮೊದಲು ತೋರಿಸಿದ್ದು ಅಂಕಲ್‌ಗೆ. ಪತ್ರವನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಏನವ್ವ ಇಷ್ಟು ಸಣ್ಣಕ್ಕೆ ಬರೆದವ್ರೆ? ಇದನ್ನ ನೋಡಿ ಯಾರು ಕೆಲಸ ಕೊಡ್ತಾರೆ? ಇರು." ಮೆಟ್ಟಿಲ ಕೆಳಗಿನಿಂದ ಹಳೇ ಟು-ಲೆಟ್ ರಟ್ಟನ್ನು ಎಳೆದು, ಅದರ ಹಿಂಬದಿಗೆ ಅದೇ ಕೆಂಪು ಪೇಂಟಿನಲ್ಲಿ, ಒಂದೊಂದು ಅಕ್ಷರ ಅಂಗೈಯಗಲ, ಬರೆದು ಕೊಟ್ಟರು: "ಈ ಹುಡುಗಿ ಒಳ್ಳೆ ಕೆಲಸ ಮಾಡ್ತಾಳೆ."

ನಾವು ಆ ಮನೆ ಬಿಟ್ಟು ಬಂದಿದ್ದೇವೆ. ಬೆಳಿಗ್ಗೆ ಐದಕ್ಕೆ ತಾರಸಿಯಲ್ಲಿ ನೀರು ಹಾಕುವ ಸದ್ದು ಕೇಳದೆ ನನಗೆ ಇವತ್ತಿಗೂ ಏನೋ ಕಳೆದುಕೊಂಡ ಹಾಗೆ ಅನ್ನಿಸುತ್ತದೆ. ಅನುಭವ ಪತ್ರ ಯಾವ ಫೈಲಿನಲ್ಲಿದೆಯೋ ಗೊತ್ತಿಲ್ಲ. ರಟ್ಟು ಮಾತ್ರ ಆಫೀಸಿನಲ್ಲಿ ನನ್ನ ಎರಡು ಮಾನಿಟರ್‌ಗಳ ನಡುವೆ ನಿಂತಿದೆ. ಮೊನ್ನೆ ಕ್ಲೀನ್ ಮಾಡುವ ಅಕ್ಕ ಅದನ್ನು ಹಿಂದುಮುಂದು ತಿರುಗಿಸಿ ಇಟ್ಟು ಹೋಗಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಮೂರು ಜನ ಬಂದು ಬಾಡಿಗೆ ಎಷ್ಟು ಅಂತ ಕೇಳಿದರು.