ಪಿಎಫ್ ದುಡ್ಡಿನ ಹೋರಿ

ಶಿಕಾರಿಪುರದ ಅಕ್ಕಿ ಗಿರಣಿಯೊಂದರಲ್ಲಿ ನಾನು ಗುಮಾಸ್ತ. ನೌಕರರ ಪಿಎಫ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದ ಮೇಲೆ ನನ್ನ ಆರೋಗ್ಯ ವಿಚಾರಿಸುವವರೇ ಇಲ್ಲ. ಸಂತೆಯಲ್ಲಿ ಸಿಕ್ಕವರೂ ತಮ್ಮ ದುಡ್ಡು ಯಾವಾಗ ಬರುತ್ತೆ ಅಂತಲೇ ಮಾತು ಶುರು ಮಾಡುತ್ತಾರೆ. ಹೊರಗಿನವರನ್ನು ಹೇಗೋ ಸಂಭಾಳಿಸಬಹುದು. ಆದರೆ ನನ್ನ ಅಕ್ಕನ ಗಂಡ, ಅಂದರೆ ಭಾವ, ಇದೇ ಗಿರಣಿಯಲ್ಲಿ ಭತ್ತ ತೂಗುವ ಕೆಲಸಕ್ಕಿದ್ದರು. ಅದು ನನ್ನ ಗ್ರಹಚಾರ.

೧. ಹೋರಿ ಅಂತ ಇಲ್ಲ

ದೀಪಾವಳಿ ಬಂತೆಂದರೆ ನಮ್ಮ ಕಡೆ ಹೋರಿ ಹಬ್ಬ. ಕೊಬ್ಬರಿ ಹಾರ, ಬಲೂನು ಕಟ್ಟಿಸಿಕೊಂಡ ಹೋರಿಗಳು ಜನರ ನಡುವೆ ನುಗ್ಗಿ ಓಡುತ್ತವೆ. ಯಾರ ಕೈಗೂ ಸಿಗದ ಹೋರಿ ಸಾಕಿದವನೇ ಊರಿಗೆ ದೊಡ್ಡ ಮನುಷ್ಯ. ಭಾವನಿಗೆ ಅಂಥದೊಂದು ಹೋರಿ ಬೇಕಿತ್ತು. ಸೊರಬದ ಕಡೆಯವರೊಬ್ಬರು ಕೊಡಲು ಒಪ್ಪಿದ್ದರು. ದುಡ್ಡಿಗೆ ಇದ್ದದ್ದು ಪಿಎಫ್ ಒಂದೇ.

ನೌಕರಿಯಲ್ಲಿದ್ದಾಗ ತೆಗೆಯಬೇಕಾದರೆ ಮದುವೆ, ಮನೆ, ಕಾಯಿಲೆ, ಓದು ಇಂಥ ಕಾರಣ ಬೇಕು, ಹೋರಿ ಅಂತ ಇಲ್ಲ ಎಂದೆ.

ಭಾವ ಯೋಚಿಸಿದರು. "ಈ ರೂಲ್ಸು ಬರ್ದೋರು ಒಂದ್ಸಲನಾದ್ರೂ ನಮ್ ಹಬ್ಬಕ್ಕೆ ಬಂದಿದ್ರೆ ಹಿಂಗೆ ಬರೀತಿರಲಿಲ್ಲ ಮಾರಾಯ."

೨. ನೋಡಲು ಬಂದವರು

ಕೆಲಸ ಬಿಟ್ಟರೆ ಪೂರ್ತಿ ಸಿಗುತ್ತದೆ ಎಂದು ಯಾರೋ ಭಾವನ ಕಿವಿಗೆ ಹಾಕಿದರು. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು, ಭಾವ ರಾಜೀನಾಮೆ ಕೊಟ್ಟೇಬಿಟ್ಟರು. ಮುದುಕರಾದ ಮೇಲೆ ಕೂತು ಉಣ್ಣಲು ಇದ್ದ ಗಂಟು ಅದೊಂದೇ ಎಂದು ಅಕ್ಕ ಅತ್ತಳು. ನನಗೂ ಸಂಕಟವಾಯಿತು.

ಗಟ್ಟಿಮುಟ್ಟಾಗಿದ್ದವರು ನೌಕರಿ ಬಿಡುವುದನ್ನು ನಮ್ಮೂರು ಕಂಡಿಲ್ಲ. ಜನ ಎಳನೀರು, ಬ್ರೆಡ್ಡು ಹಿಡಿದು ನೋಡಲು ಬಂದರು. ತಮಗೇನೂ ಆಗಿಲ್ಲ ಎಂದು ಭಾವ ಎಷ್ಟು ಹೇಳಿದರೂ ಕೇಳಲಿಲ್ಲ. ಹೋಗುವಾಗ ಒಬ್ಬರು ಅಕ್ಕನನ್ನು ಮರೆಗೆ ಕರೆದು ಮೆಲ್ಲಗೆ ಕೇಳಿದರಂತೆ, "ಅವ್ರಿಗಿನ್ನೂ ತಿಳಿಸಿಲ್ವೇನಮ್ಮ?"

೩. ಕೆಲಸ ಮಾಡಬಾರದು

ಪೂರ್ತಿ ದುಡ್ಡು ಬರಬೇಕಾದರೆ ಕೆಲವು ತಿಂಗಳು ಎಲ್ಲೂ ಕೆಲಸಕ್ಕಿರಬಾರದು ಎಂದು ನಾನು ಭಾವನಿಗೆ ಹೇಳಿದ್ದೆ. ವಾರದೊಳಗೆ ಅಕ್ಕನ ಫೋನು.

"ಹುಲ್ಲು ಕೊಯ್ಕೊಂಡ್ ಬರ್ರಿ ಅಂದ್ರೆ, ಕೆಲಸ ಮಾಡಿದ್ರೆ ಪಿಎಫ್ ನಿಲ್ಲುತ್ತೆ ಅಂತಾರೆ. ಹೌದೇನೋ?"

ನೌಕರಿ ಮಾತ್ರ ಲೆಕ್ಕ, ಮನೆಗೆಲಸ ಅಲ್ಲ ಎಂದೆ. ಭಾವ ಈಗ ಎಲ್ಲಿದ್ದಾರೆ ಎಂದೂ ಕೇಳಿದೆ.

"ಪಕ್ಕದ್ಮನೆ ಹೋರಿ ಮೈ ತೊಳೀತಾ ಇದಾರೆ. ಅದಕ್ಕೆ ರೂಲ್ಸಲ್ಲಿ ಅಡ್ಡಿ ಇಲ್ವಂತೆ."

೪. ಮಂಜೂರಾತಿ

ಕೊನೆಗೂ ದುಡ್ಡು ಬಂತು. ಅಕ್ಕ ಅವತ್ತೇ ಭಾವನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಇಬ್ಬರ ಹೆಸರಲ್ಲಿ ಠೇವಣಿ ಇಡಿಸಿದಳು. ತೆಗೆಯಲು ಇಬ್ಬರ ಸಹಿ ಬೇಕು. ಇತ್ತ ಸೊರಬದ ಹೋರಿಯವರದು ಫೋನಿನ ಮೇಲೆ ಫೋನು. ಭಾವ ಪಂಚಾಯ್ತಿ ಮಾಡಲು ನನ್ನನ್ನು ಮನೆಗೆ ಕರೆಸಿ, ಅಕ್ಕನ ಮುಂದೆ ವಿಷಯ ಎತ್ತಿದರು.

ಅಕ್ಕ ಬದನೆಕಾಯಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ಕಾರಣ ಹೇಳ್ರಿ. ಮದುವೇನೋ, ಮನೇನೋ, ಕಾಯಿಲೇನೋ, ಓದೋ?"

ಭಾವ ನನ್ನನ್ನು ದುರುಗುಟ್ಟಿ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಭಾವ ತಗ್ಗಿದ ದನಿಯಲ್ಲಿ, "ಕಾಯಿಲೆ ಅಂತಾನೇ ಇಟ್ಕೋ. ಚಿಕ್ಕಂದಿನಿಂದ ಐತೆ" ಎಂದರು.

ಅಕ್ಕನ ಕೈ ನಿಂತಿತು. ನನಗೂ ಪಾಪ ಅನಿಸಿತು. ಅವಳು ಮತ್ತೆ ಹೆಚ್ಚತೊಡಗಿ, "ಪೂರ್ತಿ ಆಗಲ್ಲ. ಭಾಗಶಃ ಕೊಡ್ತೀನಿ" ಎಂದಳು.

ಮುಂದಿನ ವಾರ ಅಂಜನಾಪುರದ ರಸ್ತೆಯಲ್ಲಿ ಭಾವ ಎದುರಾದರು. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಇನ್ನೂ ಕೊಂಬು ಮೂಡದ ಒಂದು ಹೋರಿಗರು. ಕೊರಳಿಗೆ ಹಾಕಿದ್ದ ಕೊಬ್ಬರಿ ಹಾರ ನೆಲಕ್ಕೆ ತಾಗುತ್ತಿತ್ತು. ಚಹಾ ಅಂಗಡಿಯಲ್ಲಿದ್ದ ಒಬ್ಬರು, ದೊಡ್ಡ ಹೋರಿ ತರ್ತೀನಿ ಅಂತಿದ್ರಲ್ರೀ ಎಂದು ಕೆಣಕಿದರು.

ಭಾವ ಕರುವಿನ ಬೆನ್ನು ಸವರಿ ಸಮಾಧಾನವಾಗಿ ಹೇಳಿದರು, "ಸದ್ಯಕ್ಕೆ ಇಷ್ಟು ಮಂಜೂರಾಗೈತ್ರಿ. ಉಳಿದ ಹೋರಿ ನಿಧಾನಕ್ಕೆ ಬರುತ್ತೆ."